ಪರದೆಯ ಮುಂದೆ ತಾವೇ ನಿಂತ ಪುಷ್ಪಮಾಲಾ

ಸುರಪುರದಲ್ಲಿ ಮೆಡೋಸ್ ಟೇಲರ್ ಹೆಸರೆತ್ತಿದರೆ ಜನ ಆತನ ಬಂಗಲೆಯತ್ತ ಕೈ ತೋರಿಸುತ್ತಾರೆ. ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಈ ಅಧಿಕಾರಿ ವಿಲಾಯತಿಗೆ ಮರಳಿದ ಮೇಲೆ ಮಾಡಿದ ಒಂದು ಕೆಲಸದ ಮಾತು ನಮ್ಮ ಕಡೆ ಅಷ್ಟಾಗಿ ಬರುವುದಿಲ್ಲ. 1868ರಿಂದ 1875ರ ನಡುವೆ ಎಂಟು ಸಂಪುಟಗಳಲ್ಲಿ ಹೊರಬಂದ ‘ದಿ ಪೀಪಲ್ ಆಫ್ ಇಂಡಿಯಾ’ಕ್ಕೆ ವಿವರಣೆ ಬರೆದವರಲ್ಲಿ ಆತನೂ ಒಬ್ಬ. ಬೇರೆ ಬೇರೆ ಜಾತಿ, ಬುಡಕಟ್ಟುಗಳವರ ಫೋಟೊ; ಜೊತೆಗೆ ಇವರು ಇಂಥವರು, ಇವರ ಗುಣ ಇಂಥದ್ದು ಎಂಬ ಷರಾ. ಫೋಟೊದಲ್ಲಿ ನಿಂತವರನ್ನು ಯಾರೂ ಒಂದು ಮಾತು ಕೇಳಿದಂತಿಲ್ಲ.

ಇಂಥ ಚಿತ್ರಗಳೊಳಗೆ ತಾವೇ ವೇಷ ಕಟ್ಟಿಕೊಂಡು ಹೋಗಿ ನಿಂತವರು ಬೆಂಗಳೂರಿನ ಪುಷ್ಪಮಾಲಾ ಎನ್. 1956ರಲ್ಲಿ ಹುಟ್ಟಿದ ಅವರು ಬರೋಡಾದಲ್ಲಿ ಕಲಿತದ್ದು ಶಿಲ್ಪಕಲೆ. 1986ರ ತ್ರೈವಾರ್ಷಿಕ ಕಲಾಮೇಳದಲ್ಲಿ ಚಿನ್ನದ ಪದಕ ಬಂದದ್ದೂ ಶಿಲ್ಪಕ್ಕೇ. ತೊಂಬತ್ತರ ದಶಕದ ನಡುವಿನಲ್ಲಿ ಫೋಟೊ ಕಡೆಗೆ ಹೊರಳಿದರು. ಕ್ಯಾಮೆರಾ ಹಿಡಿಯಲು ಬೇರೆಯವರು, ಎದುರಿಗೆ ತಾವು! ‘ಫ್ಯಾಂಟಮ್ ಲೇಡಿ’ ಸರಣಿಯಲ್ಲಿ (1996–98) ಹಳೆಯ ಹಿಂದಿ ಚಿತ್ರಗಳ ಚಾವಟಿ ನಾಯಕಿ ನಾಡಿಯಾಳ ಗತ್ತಿನಲ್ಲಿ ಮುಂಬಯಿ ಸುತ್ತಿದರು. ತಮ್ಮ ಕೆಲಸಗಳ ವೇದಿಕೆಗೆ ಇಟ್ಟುಕೊಂಡ ಹೆಸರು ‘ಸೋಂಬೇರಿ ಕಟ್ಟೆ’. ಇಷ್ಟು ದುಡಿಯುವ ಸೋಂಬೇರಿ ನಮ್ಮೂರ ಕಟ್ಟೆಗಳಲ್ಲಂತೂ ಸಿಗಲಿಕ್ಕಿಲ್ಲ.

ಅವರ ಹೆಸರು ನಿಂತದ್ದು ‘ನೇಟಿವ್ ವಿಮೆನ್ ಆಫ್ ಸೌತ್ ಇಂಡಿಯಾ’ದಿಂದ. ಬೆಂಗಳೂರಿನಲ್ಲೇ ನೆಲೆಸಿರುವ ಬ್ರಿಟಿಷ್ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಜೊತೆ 2000ದಿಂದ 2004ರವರೆಗೆ ಮಾಡಿದ್ದು. ರವಿವರ್ಮನ ಲಕ್ಷ್ಮಿ, ವೇಲಾಂಕಣಿ ಮಾತೆ, ಪತ್ರಿಕೆಯಲ್ಲಿ ಬಂದ ಕಳ್ಳಿಯರು, ಸಿನಿಮಾ ನಾಯಕಿ: ಎಲ್ಲರೂ ಅವರೇ. ರಾಮಸಮುದ್ರ, ಶಹಾಪುರದ ಕಡೆಯವರು ನಿಂತು ನೋಡಬೇಕಾದದ್ದು ಅದರಲ್ಲಿನ ಯೋಗಿನಿಯನ್ನು. ನಮ್ಮ ಸೀಮೆಯನ್ನು ಒಂದು ಕಾಲಕ್ಕೆ ಆಳಿದ ಬಿಜಾಪುರದ ದಖನಿ ಚಿತ್ರಕಲೆಯಿಂದ ಎದ್ದು ಬಂದವಳು ಅವಳು.

ಮತ್ತೊಂದರಲ್ಲಿ ತೋಡ ಬುಡಕಟ್ಟಿನ ಹೆಂಗಸಾಗಿ ಚೌಕುಳಿ ಪರದೆಯ ಮುಂದೆ ನಿಂತಿದ್ದಾರೆ. ಬ್ರಿಟಿಷರ ಕಾಲದಲ್ಲಿ ಮನುಷ್ಯರ ಮೈ ಅಳೆಯಲು ಇಂಥದೇ ಉಪಾಯವಿತ್ತು: ಎರಡೆರಡು ಅಂಗುಲಕ್ಕೆ ದಾರ ಎಳೆದ ಚೌಕಟ್ಟಿನೆದುರು ಆಳನ್ನು ನಿಲ್ಲಿಸಿದರೆ ಫೋಟೊದಲ್ಲೇ ಲೆಕ್ಕ ಸಿಗುತ್ತಿತ್ತು. ಪುಷ್ಪಮಾಲಾ ಆ ಪರದೆ, ಆ ನಿಲುವು, ಆ ಬೆಳಕು ಎಲ್ಲವನ್ನೂ ಮತ್ತೆ ಕಟ್ಟುತ್ತಾರೆ. ಹಳೆಯ ಚಿತ್ರವೊಂದನ್ನು ಹೀಗೆ ಮೊದಲಿನಿಂದ ಕಟ್ಟಬೇಕಾದರೆ ಅದರ ಒಂದೊಂದು ಮಡಿಕೆಯನ್ನೂ ಓದಲೇಬೇಕು. ನನ್ನ ಮಟ್ಟಿಗೆ ಅವರ ಸಂಶೋಧನೆ ಇರುವುದು ಇಲ್ಲಿ. ಅಡಿಟಿಪ್ಪಣಿಗಳ ಜಾಗದಲ್ಲಿ ಸೀರೆ, ಒಡವೆ, ಬಣ್ಣ ಬಳಿದ ಪರದೆ ಇವೆ. ಸರಣಿಯ ಒಂದು ಭಾಗವಂತೂ ತಯಾರಿಯನ್ನೇ ತೋರಿಸುತ್ತದೆ. ಬಯಲಾಟದ ಚೌಕಿಯಲ್ಲಿ ಬಣ್ಣ ಹಚ್ಚಿಕೊಳ್ಳುವುದನ್ನು ಇಣುಕಿ ನೋಡಿದವರಿಗೆ ಈ ಖುಷಿ ಗೊತ್ತು.

2014ರ ಕೊಚ್ಚಿ ಬಿನಾಲೆಯಲ್ಲಿ ಅವರು ಗಂಡುವೇಷ ತೊಟ್ಟು ವಾಸ್ಕೊ ಡ ಗಾಮನೇ ಆದರು. ಪೋರ್ಚುಗಲ್ಲಿನ ವೆಲೋಸೊ ಸಾಲ್ಗಾದೊ 1898ರಲ್ಲಿ ಬರೆದ ವೈಭವದ ವರ್ಣಚಿತ್ರ ಅದಕ್ಕೆ ಮೂಲ. 2019ರಲ್ಲಿ ಚೆನ್ನೈ ಫೋಟೊ ಬಿನಾಲೆಯ ಕಲಾ ನಿರ್ದೇಶಕಿಯಾದರು. ಮದರಾಸು ವಿಶ್ವವಿದ್ಯಾಲಯದ ಸೆನೆಟ್ ಹೌಸ್‌ನಂಥ ಹಳೆಯ ಕಟ್ಟಡಕ್ಕೆ ಫೋಟೊಗಳು ಬಂದವು. ಬೇರೆಯವರ ಚಿತ್ರಗಳನ್ನು ಆಯ್ದು ಜೋಡಿಸುವ ಈ ಕೆಲಸವನ್ನು ಅವರ ವೇಷದಿಂದ ಬೇರೆ ಮಾಡಿ ನೋಡಬೇಕಿಲ್ಲ. ಯಾವ ಚಿತ್ರ ಎಲ್ಲಿಂದ ಬಂತು, ಯಾರ ಕಣ್ಣಿಗಾಗಿ ತೆಗೆದದ್ದು ಎಂಬುದು ಎರಡರಲ್ಲೂ ಅದೇ ಪ್ರಶ್ನೆ.

ಈ ಪ್ರಶ್ನೆ ಕೇಳಲು ಬೆಂಗಳೂರಿಗೆ ಹೋಗಬೇಕಿಲ್ಲ. ಮೈಲಾಪುರದಂಥ ಜಾತ್ರೆಗಳಲ್ಲಿ ಪರದೆಯ ಮುಂದೆ ತೆಗೆಸಿಕೊಂಡ ಫೋಟೊ, ಯಾದಗಿರಿಯ ಸ್ಟುಡಿಯೊದಲ್ಲಿ ಮದುವೆ ಗೊತ್ತು ಮಾಡಲೆಂದು ತೆಗೆಸಿದ ಫೋಟೊ ನಿಮ್ಮ ಮನೆಯ ಟ್ರಂಕಿನಲ್ಲೂ ಇರಬಹುದು. ಹಿರಿಯರನ್ನು ಕೂಡಿಸಿಕೊಂಡು ಅದರ ಹಿಂದೆ ಹೆಸರು, ಇಸವಿ, ಸ್ಟುಡಿಯೊ ಯಾವುದೆಂದು ಪೆನ್ಸಿಲ್‌ನಲ್ಲಿ ಬರೆದಿಡಿ. ಪೆನ್ನಿನ ಮಸಿ ಮುಂಭಾಗಕ್ಕೆ ಇಳಿಯಬಹುದು.