ಹಳದಿ ಬಸ್ಸು ಮತ್ತು ಕೊನೆಯ ಊರು

ಬಸ್ಸಿಗಾಗಿ ಕಾದು ನಿಂತವರಿಗೆ ಮಾತ್ರ ಬಸ್ಸಿನ ಬೆಲೆ ಗೊತ್ತು. ನನ್ನ ಹೆಂಡತಿ ಅಂಥವರ ಪೈಕಿ. ಅವಳು ಹುಟ್ಟಿ ಬೆಳೆದದ್ದು ತೀರ್ಥಹಳ್ಳಿ ಕಡೆಯ ಒಂದು ಹಳ್ಳಿಯಲ್ಲಿ. ಆ ಊರಿಗೆ ದಿನಕ್ಕೆ ಒಂದೇ ಬಸ್ಸು. ಬೆಳಿಗ್ಗೆ ಏಳಕ್ಕೆ ಪೇಟೆಗೆ ಹೊರಟರೆ ರಾತ್ರಿ ಎಂಟಕ್ಕೆ ಬಂದು ಅಲ್ಲೇ ತಂಗುತ್ತಿತ್ತು. ಮಳೆಗಾಲದಲ್ಲಿ ಅದಕ್ಕೂ ಖಾತ್ರಿ ಇರಲಿಲ್ಲ. ಕೆಲಸದ ನಿಮಿತ್ತ ನಾವಿಬ್ಬರೂ ಎರಡು ವರ್ಷ ಸ್ವಿಟ್ಜರ್‌ಲೆಂಡಿನ ಝೂರಿಕ್ ನಗರದಲ್ಲಿದ್ದಾಗ ಪರಿಚಯದವರೆಲ್ಲ ಯುಂಗ್‌ಫ್ರಾವ್ ಹಿಮಶಿಖರ ನೋಡಿ ಬನ್ನಿ ಎಂದು ಒತ್ತಾಯಿಸುತ್ತಿದ್ದರು. ಇವಳ ಬೇಡಿಕೆಯೇ ಬೇರೆ. “ರೀ, ಈ ದೇಶದಲ್ಲಿ ಬಸ್ಸು ಹೋಗೋ ಕೊನೇ ಊರು ಯಾವುದೋ ಅಲ್ಲಿಗೆ ಒಂದು ದಿನ ಹೋಗಿ ಬರೋಣ” ಎಂದಳು.

ಭೂಪಟ ಹರಡಿಕೊಂಡು ಹುಡುಕಿದಾಗ ಸಿಕ್ಕಿದ ಹೆಸರು ಯುಫ್. ದೇಶದ ಪೂರ್ವಕ್ಕಿರುವ ಗ್ರೌಬ್ಯುಂಡೆನ್ ಪ್ರಾಂತದ ಅವೆರ್ಸ್ ಕಣಿವೆಯ ತುತ್ತತುದಿಯಲ್ಲಿ, 2,126 ಮೀಟರ್ ಎತ್ತರದಲ್ಲಿರುವ ಹಳ್ಳಿ ಇದು. ನಮ್ಮ ಮುಳ್ಳಯ್ಯನಗಿರಿಯ ನೆತ್ತಿಗಿಂತ ಸುಮಾರು 200 ಮೀಟರ್ ಮೇಲೆ ಎಂದರೆ ಓದುಗರಿಗೆ ಅಂದಾಜಾದೀತು. ವರ್ಷವಿಡೀ ಜನ ವಾಸಿಸುವ ಹಳ್ಳಿಗಳಲ್ಲಿ ಯುರೋಪಿನಲ್ಲೇ ಅತಿ ಎತ್ತರದ್ದು ಎಂಬ ಖ್ಯಾತಿ ಇದರದು. ಜನಸಂಖ್ಯೆ ಮಾತ್ರ ಮೂವತ್ತರ ಆಸುಪಾಸು. ನಮ್ಮಲ್ಲಾದರೆ ಒಂದು ದೊಡ್ಡ ಕೂಡು ಕುಟುಂಬ! ಅಂಥ ಊರಿಗೂ ದಿನಕ್ಕೆ ಹಲವು ಬಾರಿ ಬಸ್ಸಿದೆ ಎಂದಾಗ ನನ್ನಾಕೆಗೆ ನಂಬಿಕೆಯೇ ಬರಲಿಲ್ಲ.

ಅಕ್ಟೋಬರಿನ ಒಂದು ಬೆಳಿಗ್ಗೆ ಚಪಾತಿ, ಪಲ್ಯ ಕಟ್ಟಿಕೊಂಡು ಹೊರಟೆವು. ಝೂರಿಕ್ಕಿನಿಂದ ಕೂರ್ ಪಟ್ಟಣಕ್ಕೆ ಒಂದು ರೈಲು, ಅಲ್ಲಿಂದ ಟುಸಿಸ್‌ಗೆ ಇನ್ನೊಂದು ಸಣ್ಣ ರೈಲು. ಇಳಿದು ನಿಲ್ದಾಣದ ಹೊರಗೆ ಬಂದರೆ ಎದುರಿಗೇ ಹಳದಿ ಬಸ್ಸು ನಮಗಾಗಿಯೇ ಎಂಬಂತೆ ನಿಂತಿತ್ತು. ಝೂರಿಕ್ಕಿನಲ್ಲಿ ಕೊಂಡ ಒಂದೇ ಟಿಕೆಟ್ಟು ಎರಡು ರೈಲಿಗೂ ಎರಡು ಬಸ್ಸಿಗೂ ಸಲ್ಲುತ್ತದೆ.

ಇದು ಆಕಸ್ಮಿಕವಲ್ಲ. 1982ರಲ್ಲಿ ಸ್ವಿಟ್ಜರ್‌ಲೆಂಡ್ ತನ್ನ ರೈಲುಗಳನ್ನು ಗಂಟೆಯ ಲೆಕ್ಕಕ್ಕೆ ತಂದಿತು. ಎಂಟು ಗಂಟೆ ಏಳು ನಿಮಿಷಕ್ಕೆ ಒಂದು ರೈಲಿದ್ದರೆ ಒಂಬತ್ತು ಏಳಕ್ಕೂ ಹತ್ತು ಏಳಕ್ಕೂ ಇರುತ್ತದೆ ಎಂಬ ಕ್ರಮ ಇದು. ಮುಖ್ಯ ನಿಲ್ದಾಣಗಳಿಗೆ ನಾಲ್ಕೂ ದಿಕ್ಕಿನ ಗಾಡಿಗಳು ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಬಂದು, ಜನ ಗಾಡಿ ಬದಲಿಸಿದ ಮೇಲೆ ಒಟ್ಟಿಗೇ ಹೊರಡುತ್ತವೆ. ಹಳ್ಳಿಯ ಬಸ್ಸುಗಳ ವೇಳೆಯನ್ನೂ ಇದಕ್ಕೇ ಹೊಂದಿಸಿದ್ದಾರೆ. ಹೀಗಾಗಿ ಬಸ್ಸು ಚಿಕ್ಕದಾದರೂ ಅದು ಒಂಟಿಯಲ್ಲ, ಇಡೀ ದೇಶದ ಸರಪಳಿಯ ಒಂದು ಕೊಂಡಿ.

ಬಸ್ಸಿನ ಮೈಮೇಲೆ ತುತ್ತೂರಿಯ ಚಿತ್ರ ಕಂಡು ನನ್ನಾಕೆ ಕಾರಣ ಕೇಳಿದಳು. ಈ ಬಸ್ಸುಗಳ ಮೂಲ ಅಂಚೆ ಇಲಾಖೆ. 1849ರಲ್ಲಿ ಸ್ವಿಸ್ ಒಕ್ಕೂಟದ ಅಂಚೆ ವ್ಯವಸ್ಥೆ ಆರಂಭವಾದ ಮೇಲೆ ಕುದುರೆ ಗಾಡಿಗಳು ಕಾಗದದ ಜೊತೆಗೆ ಜನರನ್ನೂ ಒಯ್ಯುತ್ತಿದ್ದವು. ಗಾಡಿಯವನು ತುತ್ತೂರಿ ಊದಿ ಬರವನ್ನು ಸಾರುತ್ತಿದ್ದ. 1906ರ ಜೂನ್ 1ರಂದು ಬರ್ನ್ ನಗರದಿಂದ ಡೆಟ್ಲಿಗೆನ್ ಎಂಬ ಹಳ್ಳಿಗೆ ಮೊದಲ ಮೋಟಾರು ಅಂಚೆ ಗಾಡಿ ಓಡಿತು. ದೇಶದ ಕೊನೆಯ ಕುದುರೆ ಅಂಚೆ ಗಾಡಿ 1961ರವರೆಗೂ ಓಡಿದ್ದು ನಾವು ಹೊರಟಿದ್ದ ಇದೇ ಅವೆರ್ಸ್ ಕಣಿವೆಯಲ್ಲಿ. ನಮ್ಮಲ್ಲೂ ಅಂಚೆಗೂ ಬಸ್ಸಿಗೂ ಹಳೆಯ ನಂಟಿದೆಯಷ್ಟೆ. ಟಪಾಲು ಚೀಲ ಹೊತ್ತು ಬರುವ ಬಸ್ಸಿಗೆ ಎಷ್ಟೋ ಕಡೆ ‘ಮೇಲ್ ಬಸ್ಸು’ ಎಂದೇ ಹೆಸರು. ಊರಿನವರ ಗಡಿಯಾರವೂ ಅದೇ.

ಟುಸಿಸ್ ದಾಟಿದೊಡನೆ ವಿಯಾ ಮಾಲಾ ಕಮರಿ. ಹೆಸರಿನ ಅರ್ಥವೇ ‘ಕೆಟ್ಟ ದಾರಿ’. ಬಂಡೆಗಳ ನಡುವಿನ ಸೀಳಿನಲ್ಲಿ, ಬಹು ಆಳದಲ್ಲಿ, ಹಿಂಟರ್ ರೈನ್ ನದಿ ಹರಿಯುತ್ತದೆ. ಕಮರಿ ಮುಗಿದ ಮೇಲೆ ಸಿಗುವ ಝಿಲ್ಲಿಸ್ ಹಳ್ಳಿಯ ಚರ್ಚಿನ ಮರದ ಚಾವಣಿಯಲ್ಲಿ 12ನೇ ಶತಮಾನದ 153 ಚಿತ್ರಫಲಕಗಳಿವೆ. ಈ ಭಾಗದ ಹಳೆಯ ನುಡಿ ರೊಮಾಂಶ್, ಲ್ಯಾಟಿನ್ನಿನ ಒಂದು ಕವಲು. ಆಡುವವರು ಕಡಿಮೆಯಾದರೂ 1938ರಲ್ಲಿ ದೇಶದ ಜನ ಮತ ಹಾಕಿ ಇದನ್ನು ನಾಲ್ಕನೆಯ ರಾಷ್ಟ್ರಭಾಷೆಯಾಗಿ ಒಪ್ಪಿಕೊಂಡರು.

ಆಂಡೇರ್ ಎಂಬಲ್ಲಿ ಇನ್ನೊಂದು ಹಳದಿ ಬಸ್ಸು ಹತ್ತಿದೆವು. ಸ್ವಲ್ಪ ದೂರದಲ್ಲೇ ರೋಫ್ಲಾ ಕಮರಿ. ದಾರಿ ಕೈತಪ್ಪಿದರೆ ಊರಿನ ಗತಿ ಏನಾಗುತ್ತದೆ ಎಂಬುದಕ್ಕೆ ಈ ಜಾಗದ ಕತೆಯೇ ಸಾಕ್ಷಿ. ಹಿಂದೆ ಇಟಲಿಗೆ ಹೋಗುವ ಗಾಡಿಗಳೆಲ್ಲ ಇಲ್ಲಿಂದಲೇ ಕಣಿವೆ ಹತ್ತುತ್ತಿದ್ದವು. 1882ರಲ್ಲಿ ದೂರದ ಗೊಥಾರ್ಡ್ ಪರ್ವತದಡಿ ರೈಲು ಸುರಂಗ ತೆರೆದದ್ದೇ ತಡ, ಈ ದಾರಿ ಬರಿದಾಯಿತು. ಇಲ್ಲಿನ ಒಂದು ಹಳೆಯ ಛತ್ರದ ಮನೆತನದ ಕ್ರಿಶ್ಚಿಯನ್ ಪಿಚೆನ್-ಮೆಲ್ಖಿಯೋರ್ ಎಂಬಾತ ಹೊಟ್ಟೆಪಾಡಿಗೆ ಅಮೆರಿಕಕ್ಕೆ ಹೋದ. ನಯಾಗರ ಜಲಪಾತಕ್ಕೆ ಜನ ಮುಗಿಬೀಳುವುದನ್ನು ಅಲ್ಲಿ ಕಂಡು, ನಮ್ಮೂರಲ್ಲೂ ಒಂದು ಜಲಪಾತವಿದೆಯಲ್ಲ ಎಂದುಕೊಂಡು ಹಿಂದಿರುಗಿದ. 1907ರಿಂದ 1914ರವರೆಗೆ ಪ್ರತಿ ಚಳಿಗಾಲ ಕೈ ಉಳಿಯಿಂದ ಬಂಡೆ ಕೊರೆದು, ಸಾವಿರಾರು ಸಲ ಮದ್ದು ಸಿಡಿಸಿ ಜಲಪಾತದ ಬೆನ್ನಿನ ತನಕ ಕಾಲುದಾರಿ ಮಾಡಿದ. ಹೋದ ದಾರಿಯನ್ನು ತರಲಾಗದಿದ್ದಾಗ ಜನರನ್ನಾದರೂ ತರಲು ಮನುಷ್ಯ ಪಡುವ ಪಾಡಿದು.

ಇಲ್ಲಿಂದ ಮುಂದೆ ಕಿರಿದಾದ ತಿರುವುಗಳು. ಒಂದು ತಿರುವಿನಲ್ಲಿ ಚಾಲಕ ಹಾರ್ನ್ ಒತ್ತಿದಾಗ ಮೂರು ಸ್ವರದ ಇಂಪಾದ ದನಿ ಬಂತು. ರೊಸ್ಸೀನಿಯ ‘ವಿಲಿಯಂ ಟೆಲ್’ ಸಂಗೀತ ನಾಟಕದ (1829) ಆರಂಭ ವಾದ್ಯಗೀತದಿಂದ ಆಯ್ದ ಸ್ವರಗಳವು. ನಮ್ಮ ಲೆಕ್ಕದಲ್ಲಿ ಗಾಂಧಾರ, ಪಂಚಮ, ಷಡ್ಜ. ನೀಲಿ ಫಲಕದ ಮೇಲೆ ಹಳದಿ ತುತ್ತೂರಿ ಬರೆದಿರುವ ಬೆಟ್ಟದ ರಸ್ತೆಗಳಲ್ಲಿ ಈ ಬಸ್ಸಿನ ಚಾಲಕ ಹೇಳಿದಂತೆ ಬೇರೆ ವಾಹನಗಳು ನಡೆದುಕೊಳ್ಳಬೇಕು, ಬೇಕಾದರೆ ಹಿಂದಕ್ಕೂ ಸರಿಯಬೇಕು. ಒಬ್ಬ ಸಾಹುಕಾರನ ಕಾರು ಅಂಗುಲ ಅಂಗುಲವಾಗಿ ಹಿಂದೆ ಸರಿದು ನಮ್ಮ ಬಸ್ಸಿಗೆ ಜಾಗ ಬಿಟ್ಟಾಗ ನನ್ನಾಕೆಯ ಮುಖದಲ್ಲಿ ಮೂಡಿದ ತೃಪ್ತಿ ಹೇಳತೀರದು!

ಯುಫ್ ಬಂತು. ಮರವೆಂಬುದೇ ಇಲ್ಲ, ಇದು ಮರ ಬೆಳೆಯುವ ಎತ್ತರವನ್ನು ಮೀರಿದ ನೆಲ. ಹುಲ್ಲಿನ ಇಳಿಜಾರು, ಕೆಲವೇ ಮನೆ, ಕೊಟ್ಟಿಗೆ. ಇಲ್ಲಿಗೆ ಬಂದು ನೆಲೆಸಿದವರು ವಾಲ್ಸರ್ ಎಂಬ ಜರ್ಮನ್ ನುಡಿಯ ಜನ, ಮಧ್ಯಯುಗದಲ್ಲಿ ಪಶ್ಚಿಮದ ಕಣಿವೆಗಳಿಂದ ವಲಸೆ ಬಂದವರು. ಸೌದೆ ಇಲ್ಲದ ಊರಿನಲ್ಲಿ ಅವರು ಹಿಂದೆ ಒಲೆಗೆ ಹಾಕುತ್ತಿದ್ದದ್ದು ಕುರಿಗೊಬ್ಬರವನ್ನು ಇಟ್ಟಿಗೆಯಂತೆ ಕತ್ತರಿಸಿ ಒಣಗಿಸಿದ ತುಂಡುಗಳನ್ನು. “ಬೆರಣಿ ಅನ್ನಿ!” ಎಂದಳು ನನ್ನಾಕೆ. ಬಯಲುಸೀಮೆಯ ನಮ್ಮಜ್ಜಿಗೆ ಈ ಊರು ಪರಕೀಯ ಎನಿಸುತ್ತಿರಲಿಲ್ಲ.

ಮಧ್ಯಾಹ್ನ ಹೊಳೆಯ ದಂಡೆಯಲ್ಲಿ ಚಪಾತಿ ತಿಂದು, ತಿರುಗಿ ಬರುವ ಬಸ್ಸು ಹತ್ತಿದೆವು. ಕೆಳಗಿನ ಒಂದು ಹಟ್ಟಿಯಲ್ಲಿ ಹತ್ತು ಹನ್ನೆರಡು ವಯಸ್ಸಿನ ಹುಡುಗಿಯೊಬ್ಬಳು ಬೆನ್ನಿಗೆ ಚೀಲ ಹಾಕಿಕೊಂಡು ಹತ್ತಿದಳು. ಚಾಲಕ ಹೆಸರು ಹಿಡಿದು ಮಾತನಾಡಿಸಿದ. ನಾಲ್ಕು ತಿರುವಿನಾಚೆ ಅವಳು ಇಳಿದು ಕೈ ಬೀಸಿದಳು. ಇವಳು ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಾ ಕುಳಿತಿದ್ದು, ಆಮೇಲೆ ಮೆಲ್ಲಗೆ “ಅಕ್ಕ ನೆನಪಾದಳು” ಎಂದಳು. ಅವಳಕ್ಕ ಏಳನೆಯ ತರಗತಿಯಲ್ಲಿ ಶಾಲೆಗೇ ಮೊದಲಿಗಳು. ಹೈಸ್ಕೂಲು ಹನ್ನೊಂದು ಕಿಲೋಮೀಟರ್ ದೂರ. ಬೆಳಿಗ್ಗೆ ಬಸ್ಸಿತ್ತು, ಸಂಜೆ ಇರಲಿಲ್ಲ. ರಾತ್ರಿ ಎಂಟರವರೆಗೆ ಹೆಣ್ಣುಮಗಳನ್ನು ಪೇಟೆಯಲ್ಲಿ ಬಿಡಲು ಮಾವನವರಿಗೆ ಧೈರ್ಯ ಬರಲಿಲ್ಲ. ಓದು ಅಲ್ಲಿಗೇ ನಿಂತಿತು. ಎರಡು ವರ್ಷದ ನಂತರ ಐದು ಗಂಟೆಯ ಬಸ್ಸು ಬಂತು, ತಂಗಿ ಓದಿದಳು. ಒಂದೇ ಮನೆಯ ಇಬ್ಬರ ಬಾಳು ಒಂದು ವೇಳಾಪಟ್ಟಿಯಿಂದ ಬೇರೆ ಬೇರೆಯಾಯಿತು.

ಮೂವತ್ತು ಜನರ ಊರಿಗೆ ಬಸ್ಸು ಓಡಿಸಿದರೆ ಲಾಭ ಬರುತ್ತದೆಯೇ? ಖಂಡಿತ ಇಲ್ಲ. ಸ್ವಿಸ್ ನಿಯಮದಂತೆ, ಕನಿಷ್ಠ 100 ಮಂದಿ ನೆಲೆಸಿರುವ ಜಾಗಗಳನ್ನು ಜೋಡಿಸುವ ಮಾರ್ಗಗಳಲ್ಲಿ ಟಿಕೆಟ್ಟಿನಿಂದ ಹುಟ್ಟದ ಖರ್ಚನ್ನು ಒಕ್ಕೂಟ ಮತ್ತು ಪ್ರಾಂತ ಸರ್ಕಾರಗಳು ಸೇರಿ ತುಂಬುತ್ತವೆ. ಯುಫ್ ಒಂದರಲ್ಲೇ ಅಷ್ಟು ಜನರಿಲ್ಲ, ಕಣಿವೆಯ ಹಟ್ಟಿಗಳೆಲ್ಲ ಕೂಡಿದರೆ ನೂರು ದಾಟುತ್ತದೆ. ಅಲ್ಲಿ ಎಲ್ಲವೂ ಸತ್ಯಹರಿಶ್ಚಂದ್ರನ ಆಡಳಿತವೆಂದೇನೂ ತಿಳಿಯಬೇಕಾಗಿಲ್ಲ. ಅಂಚೆ ಬಸ್ಸಿನ ಸಂಸ್ಥೆ ವರ್ಷಗಟ್ಟಲೆ ಲೆಕ್ಕ ತಿರುಚಿ ಹೆಚ್ಚು ಸಹಾಯಧನ ಪಡೆದದ್ದು 2018ರಲ್ಲಿ ಬಯಲಾಗಿ, ಸ್ವಿಸ್ ಅಂಚೆಯ ಮುಖ್ಯಸ್ಥೆ ರಾಜೀನಾಮೆ ಕೊಡಬೇಕಾಯಿತು, ಹಣವನ್ನೂ ಹಿಂದಿರುಗಿಸಬೇಕಾಯಿತು. ಆದರೆ ಲೆಕ್ಕ ತಪ್ಪಿತೆಂದು ಹಳ್ಳಿಯ ಬಸ್ಸನ್ನು ಯಾರೂ ನಿಲ್ಲಿಸಲಿಲ್ಲ.

ಅವರಷ್ಟು ಹಣ ನಮ್ಮಲ್ಲಿಲ್ಲ, ನಿಜ. ಆದರೂ ಕರ್ನಾಟಕದಲ್ಲಿ 2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಡಿ ಹೆಣ್ಣುಮಕ್ಕಳು ಸರ್ಕಾರಿ ಸಾಮಾನ್ಯ ಬಸ್ಸುಗಳಲ್ಲಿ ಉಚಿತವಾಗಿ ಓಡಾಡುವಂತಾದದ್ದು ಸಣ್ಣ ಮಾತಲ್ಲ. ಟಿಕೆಟ್ಟಿನ ತೊಡಕು ಕಳೆಯಿತು. ಉಳಿದಿರುವುದು ವೇಳೆಯ ಪ್ರಶ್ನೆ. ಬಸ್ಸೇ ಬಾರದ ಊರಿನಲ್ಲಿ ಉಚಿತ ಟಿಕೆಟ್ಟಿಗೆ ಅರ್ಥವಿಲ್ಲ. ಬೆಳಿಗ್ಗೆ ಕರೆದೊಯ್ದು ಸಂಜೆ ಕರೆತರದ ಬಸ್ಸಿನಿಂದಲೂ ಅರ್ಧ ಪ್ರಯೋಜನ ಮಾತ್ರ. ಒಂದು ಮಾರ್ಗ ನಷ್ಟದಲ್ಲಿದೆ ಎನ್ನುವಾಗ ಆ ಬಸ್ಸು ಇಲ್ಲದೆ ಮನೆಯಲ್ಲೇ ಉಳಿದವರನ್ನೂ ಲೆಕ್ಕದ ಪುಸ್ತಕದಲ್ಲಿ ಬರೆದುಕೊಳ್ಳಬೇಕು.

ರಾತ್ರಿ ಝೂರಿಕ್ ಮುಟ್ಟಿದಾಗ ಒಂಬತ್ತು ಗಂಟೆ. ಊರಿನಲ್ಲಿ ಆಗ ನಡುರಾತ್ರಿ ಕಳೆದಿತ್ತು. ಅಕ್ಕನಿಗೆ ಬೆಳಿಗ್ಗೆ ಫೋನು ಮಾಡಿದರಾಯಿತು ಎಂದು ಇಬ್ಬರೂ ಮಲಗಿದೆವು.