ಸೀಟಿನ ಓರೆ, ಪೆಟ್ಟಿಗೆಯ ಲೀಟರ್

ಕಳಸದಿಂದ ಹೊರನಾಡಿಗೆ ಹೋದರೂ ಸಂಸೆಗೆ ಹೋದರೂ ರಸ್ತೆಯ ತಿರುವುಗಳು ಮುಗಿಯುವುದಿಲ್ಲ. ಕಾರಿನ ಡಿಕ್ಕಿಯಲ್ಲಿ ಚೌಕಾಕಾರದ ಸಬ್‌ವೂಫರ್ ಬಾಕ್ಸ್ ಇಟ್ಟರೆ ಅದು ಪ್ರತಿ ತಿರುವಿಗೂ ಜಾರುತ್ತದೆ. ಹಿಂದಿನ ಸೀಟು ಓರೆಯಾಗಿರುವುದರಿಂದ ಅದರ ಬೆನ್ನಿಗೂ ಬಾಕ್ಸಿಗೂ ನಡುವೆ ಒಂದಿಷ್ಟು ಜಾಗ ವ್ಯರ್ಥ. ಸೀಟಿಗೆ ಒರಗಿ ಕೂರುವಂತೆ ಒಂದು ಮೈ ಓರೆ ಮಾಡಿದ ಬಾಕ್ಸು ಈ ಎರಡೂ ತೊಂದರೆಗೆ ಪರಿಹಾರ.

ಬಾಕ್ಸ್ ಯಾಕೆ ಬೇಕು? ಸ್ಪೀಕರಿನ ಕೋನ್ ಮುಂದಕ್ಕೆ ತಳ್ಳಿದಾಗ ಹಿಂದಿನ ಗಾಳಿ ಸಡಿಲಗೊಳ್ಳುತ್ತದೆ. 40 ಹರ್ಟ್ಸ್ ಸದ್ದಿನ ಅಲೆ ಸುಮಾರು ಎಂಟೂವರೆ ಮೀಟರ್ ಉದ್ದ. ಬಾಕ್ಸ್ ಇಲ್ಲದಿದ್ದರೆ ಅದು ಪುಟ್ಟ ಸ್ಪೀಕರನ್ನು ಸುಲಭವಾಗಿ ಬಳಸಿ ಬಂದು, ಹಿಂದಿನ ಸದ್ದು ಮುಂದಿನದನ್ನು ಅಳಿಸಿಬಿಡುತ್ತದೆ. ಮುಚ್ಚಿದ ಬಾಕ್ಸಿನೊಳಗಿನ ಗಾಳಿಗೆ ಇನ್ನೊಂದು ಕೆಲಸವೂ ಇದೆ: ಅದು ಕೋನಿಗೆ ಸ್ಪ್ರಿಂಗ್. ಜಾಗ ಕಡಿಮೆಯಾದಷ್ಟೂ ಸ್ಪ್ರಿಂಗ್ ಬಿಗಿ, ಆಳದ ಸದ್ದು ಕಮ್ಮಿ. ಈ ಲೆಕ್ಕಕ್ಕೆ ಭದ್ರ ಬುನಾದಿ ಹಾಕಿದವರು 1961ರಲ್ಲಿ ಆಸ್ಟ್ರೇಲಿಯಾದ ನೆವಿಲ್ ಥೀಲ್, ಮುಂದಿನ ದಶಕದಲ್ಲಿ ಸಿಡ್ನಿ ವಿಶ್ವವಿದ್ಯಾಲಯದ ರಿಚರ್ಡ್ ಸ್ಮಾಲ್. ಇಂದು ಒಳ್ಳೆಯ ಸಬ್‌ವೂಫರುಗಳ ಜೊತೆ ಬರುವ ಅಂಕಿಗಳ ಪಟ್ಟಿ ಇವರಿಬ್ಬರ ಹೆಸರಿನದೇ.

ಓರೆ ಅಳೆಯಲು ಕೋನಮಾಪಕವೇ ಬೇಡ. ಗಾರೆ ಕೆಲಸದವರ ತೂಕದ ಗುಂಡು ಸಾಕು. ಸೀಟಿನ ಬೆನ್ನಿನ ಮೇಲೆ 36 ಸೆಂಟಿಮೀಟರ್ ಎತ್ತರದಿಂದ ದಾರ ಇಳಿಬಿಟ್ಟು, ಗುಂಡಿನ ತುದಿಗೂ ಸೀಟಿನ ಬುಡಕ್ಕೂ ಎಷ್ಟು ದೂರ ಎಂದು ನೋಡಬೇಕು. ಅದು 14.5 ಸೆಂಟಿಮೀಟರ್ ಬಂದರೆ ಬಾಕ್ಸಿನ ಮೇಲಿನ ಆಳಕ್ಕಿಂತ ಕೆಳಗಿನ ಆಳ ಅಷ್ಟೇ ಹೆಚ್ಚಿರಬೇಕು. ಓರೆ ಸುಮಾರು 22 ಡಿಗ್ರಿ.

ಈಗ ಹನ್ನೆರಡಿಂಚಿನ ಸ್ಪೀಕರಿಗೆ 32 ಲೀಟರ್ ಗಾಳಿಯ ಜಾಗ ಬೇಕು ಎನ್ನೋಣ. ಸ್ಪೀಕರಿನ ಒಡಲೇ 3 ಲೀಟರ್ ನುಂಗುತ್ತದೆ, ಒಟ್ಟು 35. ಒಳ ಅಗಲ 50, ಎತ್ತರ 36 ಇಟ್ಟರೆ ಸರಾಸರಿ ಆಳ ಸುಮಾರು 19.45 ಸೆಂಟಿಮೀಟರ್. ಅದಕ್ಕೆ 14.5ರ ಅರ್ಧ ಕೂಡಿಸಿದರೆ ಕೆಳಗೆ 26.7, ಕಳೆದರೆ ಮೇಲೆ 12.2. ಲೆಕ್ಕ ಇಷ್ಟೇ.

ಎಡವುವುದು ಮುಂದೆ. ಇವೆಲ್ಲ ಒಳ ಅಳತೆ. ಇವನ್ನೇ ಹೊರ ಅಳತೆ ಎಂದು 18 ಮಿಲಿಮೀಟರ್ ಪ್ಲೈವುಡ್ ಕೊಯ್ದರೆ ಒಳಗೆ ಉಳಿಯುವುದು 23.6 ಲೀಟರ್ ಮಾತ್ರ, ಮೂರನೇ ಒಂದು ಪಾಲು ಮಾಯ! ಓರೆ ಹಲಗೆಯಂತೂ ಅಡ್ಡ ಅಳತೆಯಲ್ಲಿ 18ರ ಬದಲು 19.4 ಮಿಲಿಮೀಟರ್ ತಿನ್ನುತ್ತದೆ. 28 ಹರ್ಟ್ಸಿನ ಸಹಜ ಕಂಪನವಿದ್ದು, ಸ್ಪ್ರಿಂಗ್ ಗುಣ 60 ಲೀಟರ್ ಗಾಳಿಗೆ ಸಮನಾದ ಸ್ಪೀಕರ್ 32 ಲೀಟರಿನಲ್ಲಿ ಸುಮಾರು 47 ಹರ್ಟ್ಸಿಗೆ ನಿಲ್ಲುತ್ತಿತ್ತು; ಕುಗ್ಗಿದ ಬಾಕ್ಸಿನಲ್ಲಿ, ಸ್ಪೀಕರಿನ 3 ಲೀಟರ್ ಕಳೆದ ಮೇಲೆ, ಅದು 55ಕ್ಕೇರುತ್ತದೆ. ಚೆಂಡೆಯ ಅಬ್ಬರ ಕೇಳುತ್ತದೆ, ಅದರ ತಳದ ಗುಡುಗು ತೆಳುವಾಗುತ್ತದೆ.

ಓರೆ ಮೈಯಿಂದ ಸದ್ದೇ ಚೆನ್ನಾಗುತ್ತದೆ ಎಂಬ ಮಾತಿನಲ್ಲಿ ಇಲ್ಲಿ ಹುರುಳಿಲ್ಲ. ಎದುರುಬದುರು ಗೋಡೆಗಳ ನಡುವಿನ ಮಾರ್ದನಿ ಅರ್ಧ ಮೀಟರಿಗೆ 340 ಹರ್ಟ್ಸಿನ ಆಸುಪಾಸು ಹುಟ್ಟುತ್ತದೆ. ಸಬ್‌ವೂಫರ್ ಅಷ್ಟು ಮೇಲಕ್ಕೆ ಹಾಡುವುದೇ ಇಲ್ಲ.

ಮರದ ಆಯ್ಕೆಯಲ್ಲಿ ಮಲೆನಾಡಿನ ಮಳೆಯನ್ನು ಮರೆಯುವಂತಿಲ್ಲ. ಮರದ ನಾರನ್ನು ಒತ್ತಿ ಮಾಡಿದ ಎಂಡಿಎಫ್ ಹಲಗೆ ಒದ್ದೆಯಾದರೆ ಅಂಚಿನಲ್ಲಿ ಊದಿಕೊಳ್ಳುತ್ತದೆ. ಐಎಸ್ 710 ಗುರುತಿನ ಮರೀನ್ ಪ್ಲೈವುಡ್ಡಿನ ಅಂಟನ್ನು 72 ತಾಸು ಕುದಿವ ನೀರಿನಲ್ಲಿ ಪರೀಕ್ಷಿಸಿರುತ್ತಾರೆ. ಸಂದುಗಳಿಗೆ ಅಂಟು ತುಂಬಿ, ಸ್ಪೀಕರ್ ಕೂರಿಸಿದ ಮೇಲೆ ಕೋನನ್ನು ಎಲ್ಲ ಕಡೆ ಸಮವಾಗಿ ಮೆಲ್ಲನೆ ಒತ್ತಿ ಬಿಡಬೇಕು. ನಿಧಾನವಾಗಿ ಹಿಂದಿರುಗಿದರೆ ಗಾಳಿ ಹೆಚ್ಚು ಸೋರುತ್ತಿಲ್ಲ. ಥಟ್ಟನೆ ಬಂದರೆ ಸಂದು ಹುಡುಕಿ ಮುಚ್ಚಬೇಕು.