ಅಂಗಳದ ಕಾಶಿ ಕಣಗಿಲೆ ಮತ್ತು ಅಮ್ಮನ ಕಷಾಯ

ಕಳೆದ ವರ್ಷ ಅಕ್ಕನ ಆರು ವರ್ಷದ ಮಗನಿಗೆ ರಕ್ತದ ಕ್ಯಾನ್ಸರ್ ಅಂತ ಗೊತ್ತಾಯ್ತು. ಡಾಕ್ಟರ್ ಬರೆದ ಔಷಧಿಗಳಲ್ಲಿ ಒಂದರ ಹೆಸರು ವಿನ್‌ಕ್ರಿಸ್ಟಿನ್. ರಾತ್ರಿ ಮೊಬೈಲ್‌ನಲ್ಲಿ ಹುಡುಕಿದರೆ, ಅದರ ಮೂಲ ಕಾಶಿ ಕಣಗಿಲೆ! ನಮ್ಮ ಅಂಗಳದಲ್ಲಿ ಯಾರೂ ನೀರು ಹಾಕದಿದ್ದರೂ ವರ್ಷವಿಡೀ ಹೂ ಬಿಡುವ ಅದೇ ಗಿಡ. ವಿಷಯ ಕೇಳಿದ್ದೇ ಅಮ್ಮ, "ಹಾಗಾದ್ರೆ ಎಲೆ ಕಷಾಯ ಮಾಡ್ಕೊಡ್ಲಾ ಮಗೂಗೆ?" ಅಂದಳು.

ಅಮ್ಮನ ಪ್ರಶ್ನೆ ದಡ್ಡತನದ್ದಲ್ಲ. ಈ ಕಥೆ ಶುರುವಾಗಿದ್ದೇ ಕಷಾಯದಿಂದ. ಜಮೈಕಾದಲ್ಲಿ ಸಕ್ಕರೆ ಕಾಯಿಲೆಗೆ ಇದರ ಎಲೆ ಕುದಿಸಿ ಕುಡಿಯುತ್ತಿದ್ದರು. 1952ರಲ್ಲಿ ಆ ಎಲೆಗಳು ಕೆನಡಾದ ರಾಬರ್ಟ್ ನೋಬಲ್ ಕೈ ಸೇರಿದವು. ಇಲಿಗಳಲ್ಲಿ ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. ನೋಬಲ್ ಮತ್ತು ಚಾರ್ಲ್ಸ್ ಬಿಯರ್ ಆ ಎಲೆಯಿಂದ ಬೇರ್ಪಡಿಸಿದ್ದೇ ವಿನ್‌ಬ್ಲಾಸ್ಟಿನ್. ಅದರ ರಚನೆಯಲ್ಲಿ ಸ್ವಲ್ಪವೇ ವ್ಯತ್ಯಾಸವಾದರೆ ವಿನ್‌ಕ್ರಿಸ್ಟಿನ್. 1963ರಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿತು.

ಗಿಡ ಇದನ್ನು ಮಾಡುವ ರೀತಿ ನೋಡಿ ನನ್ನಂಥ ಕೋಡ್ ಬರೆಯುವವನಿಗೆ ಹೊಟ್ಟೆಕಿಚ್ಚಾಯ್ತು. ಸುಮಾರು ಮೂವತ್ತು ಹಂತ, ಪ್ರತಿ ಹಂತಕ್ಕೂ ಅದರದ್ದೇ ಕಿಣ್ವ. ಎಲ್ಲವೂ ಒಂದೇ ಜಾಗದಲ್ಲಿ ನಡೆಯುವುದಿಲ್ಲ. ಮೊದಲ ಹಂತಗಳು ಎಲೆಯ ನರಗಳ ಪಕ್ಕದ ಜೀವಕೋಶಗಳಲ್ಲಿ, ಮುಂದಿನವು ಎಲೆಯ ಹೊರಪದರದಲ್ಲಿ, ಕೊನೆಯವು ಬೇರೆಯದೇ ಜೀವಕೋಶಗಳಲ್ಲಿ. ಮಾಲು ಕೈಯಿಂದ ಕೈಗೆ ದಾಟುತ್ತಾ ಹೋಗುತ್ತದೆ.

ಯಾಕಿಷ್ಟು ಗೋಜಲು? ಇದು ವಿಷ, ಗಿಡದ ಆತ್ಮರಕ್ಷಣೆಯ ಅಸ್ತ್ರ. ತನ್ನ ವಿಷ ತನಗೇ ತಾಗಬಾರದಲ್ಲ! ಅದಕ್ಕೇ ಸ್ಟ್ರಿಕ್ಟೋಸಿಡಿನ್ ಎಂಬ ಮಧ್ಯದ ವಸ್ತುವನ್ನು ಜೀವಕೋಶದೊಳಗಿನ ಒಂದು ಚೀಲದಲ್ಲಿ ಇಟ್ಟಿದೆ, ಅದನ್ನು ಒಡೆಯುವ ಕಿಣ್ವವನ್ನು ಕೋಶಕೇಂದ್ರದಲ್ಲಿ ಇಟ್ಟಿದೆ. ಹುಳ ಎಲೆ ಜಗಿದಾಗ ಎರಡೂ ಬೆರೆಯುತ್ತವೆ, ಹುಳಕ್ಕೆ ಗ್ರಹಚಾರ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು? ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕೆ.ಜಿ. ಒಣ ಎಲೆ ಬೇಕು. ಅದಕ್ಕೇ ವಿಜ್ಞಾನಿಗಳು ಗಿಡದ ಈ ದಾರಿಯನ್ನು ಹಂತ ಹಂತವಾಗಿ ಬಿಡಿಸಿದರು. 2018ರಲ್ಲಿ ಸಾರಾ ಓಕಾನರ್ ತಂಡ ಕಾಣೆಯಾಗಿದ್ದ ಕೊಂಡಿಗಳನ್ನು ಪತ್ತೆಹಚ್ಚಿತು. 2022ರಲ್ಲಿ ಜೇ ಕೀಸ್ಲಿಂಗ್ ಮತ್ತು ಸಂಗಡಿಗರು ಆ ವಂಶವಾಹಿಗಳನ್ನು ಯೀಸ್ಟ್‌ಗೆ ಸೇರಿಸಿ, ವಿನ್‌ಬ್ಲಾಸ್ಟಿನ್‌ನ ಎರಡು ಅರ್ಧಗಳನ್ನು ಅದರಿಂದಲೇ ಮಾಡಿಸಿ, ಆಮೇಲೆ ಜೋಡಿಸಿದರು. ಬ್ರೆಡ್ ಹಿಟ್ಟು ಉಬ್ಬಿಸುವ ಯೀಸ್ಟ್ ಜಾತಿಗೆ ಎಂಥಾ ಕೆಲಸ!

ಅಮ್ಮನಿಗೆ ಹೇಳಿದ್ದು ಇಷ್ಟೇ: "ಆ ಎಲೆಯಲ್ಲಿ ನೂರಕ್ಕೂ ಹೆಚ್ಚು ಆಲ್ಕಲಾಯ್ಡ್‌ಗಳಿವೆ ಕಣಮ್ಮ. ನಮಗೆ ಬೇಕಾದದ್ದು ಚಿಟಿಕೆಗೂ ಕಮ್ಮಿ. ಮಗುವಿಗೆ ರಕ್ತನಾಳದ ಮೂಲಕ ಮಿಲಿಗ್ರಾಂ ಲೆಕ್ಕದಲ್ಲಿ ಅಳೆದು ಕೊಡ್ತಾರೆ. ಸ್ವಲ್ಪ ಹೆಚ್ಚಾದ್ರೂ ನರಗಳಿಗೆ ಪೆಟ್ಟು. ಕಷಾಯದಲ್ಲಿ ಎಷ್ಟಿದೆ ಅಂತ ಅಳೆಯೋರು ಯಾರು?"

ಅಮ್ಮ ಒಪ್ಪಿದಳು. ನಿಮ್ಮ ಫ್ಯಾಮಿಲಿ ವಾಟ್ಸ್ಆ್ಯಪ್ ಗ್ರೂಪಿಗೂ ಈ ಕಷಾಯದ ಮೆಸೇಜ್ ಬಂದರೆ ಫಾರ್ವರ್ಡ್ ಮಾಡಬೇಡಿ.

ಅಳಿಯನಿಗೆ ಚಿಕಿತ್ಸೆ ಇನ್ನೂ ನಡೀತಿದೆ, ತಲೆ ಮೇಲೆ ಕೂದಲು ಮತ್ತೆ ಬಂದಿದೆ. ಅಮ್ಮ ಈಗ ಆ ಗಿಡಕ್ಕೆ ದಿನಾ ನೀರು ಹಾಕ್ತಾಳೆ.